ಅಪ್ಪನ ಅರಬ್ಬಿ

ವರ್ಷದ ಹತ್ತು ತಿಂಗಳು ಅಪ್ಪ ಓಮಾನಿನ ಸೂರ್ ಎಂಬ ಊರಲ್ಲಿ ಮೀನು ಹಿಡಿಯುತ್ತಿದ್ದ. ಮಳೆಗಾಲದಲ್ಲಿ ಅಲ್ಲಿಯ ಕಡಲೂ ಇಲ್ಲಿಯ ಕಡಲೂ ಒಟ್ಟಿಗೇ ಕೆಡುವುದರಿಂದ ಆ ಎರಡು ತಿಂಗಳು ಕುಮಟೆಯ ಹತ್ತಿರ ಬಾಡ ಎಂಬ ಊರಿನ ನಮ್ಮ ಮನೆಯಲ್ಲಿ ಇರುತ್ತಿದ್ದ. ಇದ್ದರೂ ಮಾತು ಕಡಿಮೆ. ಜಗಲಿಯ ಮೂಲೆಯಲ್ಲಿ ಕೂತು ಯಾರದೋ ಬಲೆ ರಿಪೇರಿ ಮಾಡುವನು. ಊಟಕ್ಕೆ ಕರೆದರೆ "ಆತು" ಅನ್ನುವನು. ಶಾಲೆಯಲ್ಲಿ ಬಹುಮಾನ ಬಂತು ಎಂದರೂ "ಆತು" ಅನ್ನುವನು. ಸಿಟ್ಟಿನ ಮನುಷ್ಯ ಅಲ್ಲ, ಕುಡಿಯುವವನಲ್ಲ. ನಮ್ಮ ಹತ್ತಿರ ಆಡುವ ಮಾತು ಅವನ ಬಳಿ ಇರಲಿಲ್ಲ, ಅಷ್ಟೇ. ಅಪ್ಪಂದಿರೆಲ್ಲ ಹೀಗೇ ಇರುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನ ಅವನ ಫೋನು ರಿಂಗಾಗುತ್ತಿತ್ತು. ಆಗ ಬೇರೆಯೇ ಒಬ್ಬ ಅಪ್ಪ ಹೊರಗೆ ಬರುತ್ತಿದ್ದ. ಮಳೆಯಿದ್ದರೆ ಕೊಡೆ ಹಿಡಿದು ಅಂಗಳದ ತೆಂಗಿನ ಮರದ ಬುಡಕ್ಕೆ ಹೋಗಿ ನಿಲ್ಲುವನು. ದನಿ ದೊಡ್ಡದಾಗುವುದು. ಕೈ ಆಡಿಸುವನು, ನಗುವನು, ಯಾರದೋ ದನಿಯನ್ನು ಅಣಕಿಸುವನು. ಆಚೆ ಕಡೆ ಇದ್ದವಳು ಅವನ ದೋಣಿಯ ಯಜಮಾನನ ಮಗಳು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳು ಅಪ್ಪನನ್ನು "ಯಾ ಅಮ್ಮಿ" ಎಂದು ಕರೆಯುವುದು ಫೋನಿನಿಂದ ಹೊರಗೂ ಕೇಳುತ್ತಿತ್ತು.

ಕುಮಟೆ ಪೇಟೆಯಲ್ಲಿ ಮೀನು ಮಾರುವ ನನ್ನ ಅಮ್ಮನಿಗೆ ಇದು ದೊಡ್ಡ ತಮಾಷೆ. "ಇದೆಂತ, ಗಂಡಸಿಗೆ ಅಮ್ಮ ಅಂತದೆ ಆ ಮಗು?" ಎಂದು ನಗುವಳು. ನನಗೆ ನಗು ಬರುತ್ತಿರಲಿಲ್ಲ. ಒಂಬತ್ತು ವರ್ಷದ ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಆ ಹುಡುಗಿಯ ಊರಿನ ಕಡಲು ಬತ್ತಿಹೋಗಲಿ, ದೋಣಿಗಳೆಲ್ಲ ಮರಳಿನ ಮೇಲೆ ಕೂತುಬಿಡಲಿ ಎಂದು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಅವಳ ಫೋಟೊ ಅಪ್ಪನ ಫೋನಿನಲ್ಲಿ ಇತ್ತು. ಮುಂದಿನ ಎರಡು ಹಲ್ಲು ಸ್ವಲ್ಪ ದೂರ ದೂರ. ಕನ್ನಡಿ ಮುಂದೆ ನಿಂತು ನನ್ನ ಹಲ್ಲು ನೋಡಿಕೊಳ್ಳುತ್ತಿದ್ದೆ. ನನ್ನವು ಸರಿಯಾಗಿದ್ದವು. ಅದರಿಂದೇನೂ ಸಮಾಧಾನ ಸಿಗುತ್ತಿರಲಿಲ್ಲ.

ಕುಮಟೆಯಲ್ಲಿ ಪಿಯುಸಿ ಮುಗಿದಾಗ ಎಲ್ಲರೂ ಬಿ.ಕಾಂ. ಮಾಡು ಅಂದರು. ನಾನು ಅರಬ್ಬಿ ಓದುತ್ತೇನೆ ಎಂದೆ. ಕೇರಳದ ಒಂದು ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಭಾಷೆ ಮತ್ತು ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿಟ್ಟು ಪದವಿ ಮಾಡಬಹುದು, ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಓದುತ್ತಾರೆ ಎಂದು ಹುಡುಕಿ ಇಟ್ಟುಕೊಂಡಿದ್ದೆ.

"ಅರಬ್ಬಿ ಓದಿ ಎಂತ ಮಾಡೂದು? ನಿನ್ನಪ್ಪ ಓದದೇ ಮಾತಾಡ್ತಾ," ಅಂದಳು ಅಮ್ಮ.

"ಕೆಲಸ ಸಿಗ್ತದೆ. ಆಸ್ಪತ್ರೆಲಿ, ಕಂಪನಿಲಿ," ಅಂದೆ. ಅದು ಸುಳ್ಳೇನಲ್ಲ. ಆದರೆ ಕಾರಣ ಅದಾಗಿರಲಿಲ್ಲ.

ಅಪ್ಪನಿಗೆ ಫೋನು ಮಾಡಿದೆ. ಹಿಂದೆ ಎಂಜಿನ್ನಿನ ಸದ್ದು ಕೇಳುತ್ತಿತ್ತು. "ಅದೆಲ್ಲ ನಂಗೆ ಗೊತ್ತಾಗೂದಿಲ್ಲ ಮಗಾ. ನಿಂಗೆ ಬೇಕಾದ್ರೆ ಓದು," ಎಂದ. ಖುಷಿಯಾಗಿ ಒಂದಾದರೂ ಅರಬ್ಬಿ ಮಾತು ಆಡುತ್ತಾನೇನೋ ಎಂದು ಕಾದಿದ್ದೆ. ಫೋನು ಇಟ್ಟುಬಿಟ್ಟ.

ತರಗತಿಯಲ್ಲಿ ಹೆಚ್ಚಿನವರು ಮಲಯಾಳಿಗಳು. ಕನ್ನಡ ಬರುವವರು ಇಬ್ಬರೇ, ನಾನು ಮತ್ತು ಭಟ್ಕಳದ ಒಬ್ಬ ಹುಡುಗಿ. ಅಲ್ಲಿಯ ನವಾಯತ ಮುಸಲ್ಮಾನರ ಮನೆಯವಳು. ಒಂದೇ ಕರಾವಳಿಯವರು ಎಂದು ಮೇಷ್ಟ್ರು ಒಂದೇ ಬೆಂಚಿನಲ್ಲಿ ಕೂಡಿಸಿದರು. ಹಾಸ್ಟೆಲಿನಲ್ಲಿ ಕೋಣೆಯೂ ಒಂದೇ ಆಯಿತು. ಮೊದಲ ವಾರವೇ ನನ್ನ ಹೊಟ್ಟೆಯಲ್ಲಿ ಎರಡನೇ ಕಿಚ್ಚು ಹತ್ತಿಕೊಂಡಿತು.

ಅರಬ್ಬಿಯಲ್ಲಿ 'ಅಯ್ನ್' ಎಂಬ ಒಂದು ಅಕ್ಷರವಿದೆ. ಗಂಟಲಿನ ತಳವನ್ನು ಹಿಂಡಿ ಅದನ್ನು ಹೊರಡಿಸಬೇಕು. ಕನ್ನಡದ ಬಾಯಿಗೆ ಅದು 'ಅ' ಆಗಿಬಿಡುತ್ತದೆ. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸಿದರು. ನನ್ನ ಸರದಿ ಬಂದಾಗ ಕೆಮ್ಮಿನಂಥದ್ದೊಂದು ಬಂತು. ಭಟ್ಕಳದವಳು ಎದ್ದು ನಿಂತು, ಬಸ್ಸಿನ ಟಿಕೆಟು ಕೇಳುವಷ್ಟು ಸಲೀಸಾಗಿ ಹೇಳಿ ಕೂತಳು. ನಾಲ್ಕು ವರ್ಷದವಳಿದ್ದಾಗಿಂದ ಅಜ್ಜಿಯ ತೊಡೆಯ ಮೇಲೆ ಕೂತು ಕುರಾನ್ ಓದಿದ ಬಾಯಿ ಅದು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಪ್ರತಿ ಪಾಠ ಶುರುವಾಗುವುದೂ ಅವಳ ಓದಿನಿಂದಲೇ.

ಅವಳಿಗೆ ಅರ್ಥ ಗೊತ್ತಿರಲಿಲ್ಲ, ಓದುವುದಷ್ಟೇ ಗೊತ್ತಿತ್ತು. ಅದನ್ನು ಅವಳೇ ಎಲ್ಲರಿಗೂ ನಗುತ್ತಾ ಹೇಳಿಕೊಂಡಳು. ನನಗಾದರೋ ಅವಳಲ್ಲಿ ಒಂದು ಕೊರತೆ ಹುಡುಕಿ ಹಿಡಿಯುವ ಸುಖವೂ ಸಿಗದೆ ಹೋಯಿತು.

ಆಗಾಗ ಅವಳೇ ನನ್ನನ್ನು ಕೂಡಿಸಿಕೊಂಡು ಕಲಿಸುತ್ತಿದ್ದಳು. ನನ್ನ ಬೆರಳು ಹಿಡಿದು ತನ್ನ ಗಂಟಲಿಗೆ ಒತ್ತಿಕೊಂಡು, "ನೋಡು, ಇಲ್ಲಿ ಅಲ್ಲಾಡ್ತದೆ. ಇಲ್ಲಿ," ಅನ್ನುವಳು. ಬೆರಳಿನ ತುದಿಗೆ ಆ ಅಕ್ಷರ ಸಿಗುತ್ತಿತ್ತು. ಗಂಟಲಿಗೆ ಬರುತ್ತಿರಲಿಲ್ಲ. ರಜೆಯಲ್ಲಿ ಮನೆಗೆ ಬಂದಾಗಲೂ ಹಿತ್ತಿಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದೆ. ಒಮ್ಮೆ ಅಮ್ಮ ಅನ್ನದ ಮುದ್ದೆ ಕಟ್ಟಿಕೊಂಡು ಓಡಿ ಬಂದಳು. "ಗಂಟಲಿಗೆ ಮುಳ್ಳು ಸಿಕ್ತಾ? ಅಗೀಬೇಡ, ಹಾಂಗೇ ನುಂಗು."

ಕೊನೆಗೆ ಅದು ಬಂದದ್ದು ಹೊನ್ನಾವರದ ಸೇತುವೆಯ ಮೇಲೆ. ಊರಿಗೆ ಬರುವ ರೈಲಿನಲ್ಲಿ ಅವಳು ಭಟ್ಕಳದಲ್ಲಿ ಇಳಿದುಬಿಡುತ್ತಿದ್ದಳು. ಅಲ್ಲಿಂದ ಕುಮಟೆಯವರೆಗೆ ನಾನೊಬ್ಬಳೇ. ಶರಾವತಿ ದಾಟುವಾಗ ಸೇತುವೆಯ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಬಾಗಿಲ ಹತ್ತಿರ ನಿಂತು ಗಂಟಲು ಬಿರಿಯುವಂತೆ ಕೂಗುತ್ತಿದ್ದೆ. ಒಮ್ಮೆ, ಹೊಳೆಯ ನಡುವೆ, ಅಯ್ನ್ ಸರಿಯಾಗಿ ಹೊರಟಿತು. ಮತ್ತೆ ಹೇಳಿದೆ, ಮತ್ತೆಯೂ ಬಂತು. ಕೇಳಲು ಯಾರೂ ಇರಲಿಲ್ಲ. ಆಗಲೂ ಅನ್ನಿಸಿದ್ದು ಇದೇ: ಅವಳಾಗಿದ್ದರೆ ಇಡೀ ಬೋಗಿ ತಿರುಗಿ ನೋಡುತ್ತಿತ್ತು.

ಅಪ್ಪನನ್ನು ಓಮಾನಿನ ಆ ಹುಡುಗಿ ಏನೆಂದು ಕರೆಯುತ್ತಿದ್ದಳು ಎಂಬುದು ಅಷ್ಟರಲ್ಲಿ ಪಾಠದಲ್ಲಿ ಬಂದಿತ್ತು. ಅಮ್ಮಿ ಎಂದರೆ ನನ್ನ ಚಿಕ್ಕಪ್ಪ, ನನ್ನ ದೊಡ್ಡಪ್ಪ. ಅಪ್ಪನ ಒಡಹುಟ್ಟಿದವನು. ಮೊದಲ ಅಕ್ಷರವೇ ಅಯ್ನ್.

ಆ ಮಳೆಗಾಲ ಅಪ್ಪ ಬಂದ. ಬ್ಯಾಗು ಕೆಳಗಿಡುವ ಮೊದಲೇ ಅವನ ಎದುರು ನಿಂತು, "ಕೈಫ ಹಾಲುಕ ಯಾ ಅಬೀ" ಅಂದೆ. ಹೇಗಿದ್ದೀ ಅಪ್ಪಾ ಎಂದು. ಅವನು ನನ್ನನ್ನೇ ನೋಡಿದ. ಮುಖ ಕೆಂಪಾಯಿತು. ಬೀದಿಯಲ್ಲಿ ಯಾರೋ ಅಂಗಿ ಎಳೆದಂತೆ ಮುದುಡಿಕೊಂಡ. "ಆರಾಮ ಅದೆ," ಎಂದು ಕನ್ನಡದಲ್ಲೇ ಹೇಳಿ ಕಾಲು ತೊಳೆಯಲು ಹೋದ.

ನಾನು ಬಿಡಲಿಲ್ಲ. ಊಟಕ್ಕೆ ಕೂತಾಗ ಅರಬ್ಬಿಯಲ್ಲಿ ಉಪ್ಪು ಬೇಕಾ ಎಂದೆ, ಜಗಲಿಯಲ್ಲಿ ಬಲೆಗೆ ಏನನ್ನುತ್ತಾರೆ ಎಂದೆ. ಮೂರನೆಯ ದಿನ ಅವನೇ ಹೇಳಿದ. "ನಿಂದು ಪುಸ್ತಕದ್ದು ಮಗಾ. ನಂದು ದೋಣಿದು. ನಿಂಗೆ ನಗು ಬರ್ತದೆ."

"ನಗೂದಿಲ್ಲ ಅಪ್ಪಾ."

"ಬೇಡ. ಮನೇಲಿ ಎಂತಕೆ ಅದು."

ಶುಕ್ರವಾರ ಫೋನು ರಿಂಗಾಯಿತು. ಅವನು ತೆಂಗಿನ ಮರದ ಬುಡಕ್ಕೆ ಹೋದ. ಈಗ ನನಗೆ ನಾಲ್ಕಾರು ಮಾತು ಅರ್ಥವಾಗುತ್ತಿತ್ತು. ಅರ್ಥವಾಗದೆ ಇದ್ದಾಗಲೇ ವಾಸಿಯಿತ್ತು.

ಎರಡನೇ ವರ್ಷ ಭಟ್ಕಳದವಳು ನಮ್ಮ ಮನೆಗೆ ಬಂದಳು. ಅಪ್ಪ ಊರಲ್ಲಿ ಇರಲಿಲ್ಲ. ಅಮ್ಮ ಪೇಟೆಯಿಂದ ಬುಟ್ಟಿ ಹೊತ್ತು ಬಂದವಳು ಇವಳನ್ನು ನೋಡಿ ಕನ್ನಡದಲ್ಲಿ ಎರಡು ಮಾತು ಆಡಿ, ಹಾಗೇ ಕೊಂಕಣಿಗೆ ತಿರುಗಿದಳು. ಗಿರಾಕಿಗಳ ಜೊತೆ ಆಡಿ ಆಡಿ ಅಮ್ಮನಿಗೆ ಕೊಂಕಣಿ ಚೆನ್ನಾಗಿ ಬರುತ್ತದೆ. ಇವಳ ನವಾಯತಿಯೂ ಕೊಂಕಣಿಯ ತಂಗಿಯೇ. ಇವಳು ಅದರಲ್ಲಿ ಹೇಳಿದ್ದು ಅಮ್ಮನಿಗೆ ತಿಳಿಯಿತು, ಅಮ್ಮ ಹೇಳಿದ್ದು ಇವಳಿಗೆ. ಕೆಲವು ಶಬ್ದಕ್ಕೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಕ್ಕರು. ಅಮ್ಮ ನನಗೆ ಕೊಂಕಣಿ ಕಲಿಸುತ್ತೇನೆ ಎಂದಾಗಲೆಲ್ಲ ನಾನು, ಮೀನು ಪೇಟೆಗೆ ಹೋಗುವವಳಲ್ಲ ಎಂದು ತಪ್ಪಿಸಿಕೊಂಡಿದ್ದೆ. ಈಗ ಅಡಿಗೆಮನೆಯ ಹೊಸ್ತಿಲಲ್ಲಿ ಪರವೂರಿನವಳಂತೆ ನಿಂತಿದ್ದೆ. ಅವಳು ಹೋದ ಮೇಲೆ ಅಮ್ಮ ಎರಡು ದಿನ ಅದೇ ಹೇಳಿದಳು. "ಎಷ್ಟು ಚಂದ ಮಾತಾಡ್ತದೆ ಆ ಹುಡ್ಗಿ. ಮನೆ ಮಗಳ ಹಾಂಗೆ."

ನಾನೂ ಭಟ್ಕಳಕ್ಕೆ ಹೋದೆ. ಹಳೆಯ ಕಾಲದ ಉದ್ದನೆಯ ಮನೆ. ಅವಳ ಅಜ್ಜಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂಡಿಸಿಕೊಂಡರು. ಆ ಮನೆಯಲ್ಲಿ ಸೀನಿದರೆ ಅರಬ್ಬಿ, ಊಟಕ್ಕೆ ಕೈ ಹಚ್ಚಿದರೆ ಅರಬ್ಬಿ, ನಾಳೆ ಬರುತ್ತೇನೆ ಎಂದರೂ ಅದಕ್ಕೊಂದು ಅರಬ್ಬಿ. ನಾನು ಹಾಸ್ಟೆಲಿನಲ್ಲಿ ಕೂತು ಉರು ಹೊಡೆದದ್ದೆಲ್ಲ ಅಲ್ಲಿ ಗೋಡೆಯ ಸುಣ್ಣದ ಹಾಗೆ, ಯಾರೂ ಗಮನಿಸದೆ, ಇತ್ತು. ಅಜ್ಜಿ ನನ್ನಿಂದ ಒಂದು ಪುಟ ಓದಿಸಿದರು. ಮುಗಿಸಿದಾಗ ತಲೆ ಸವರಿ "ಮಾಶಾ ಅಲ್ಲಾ" ಅಂದರು. ಮೊಮ್ಮಗಳ ಕಡೆ ತಿರುಗಿ ನವಾಯತಿಯಲ್ಲಿ ಏನೋ ಹೇಳಿದರು. "ಅಯ್ನ್ ನಿನ್ನದು ನನ್ನದಕ್ಕಿಂತ ಗಟ್ಟಿಯಾಗಿದೆ ಅಂತೆ," ಎಂದು ಅವಳು ಹೇಳಿದಳು. ಆ ಹೊಗಳಿಕೆಯನ್ನು ನಾನು ನಂಬಲಿಲ್ಲ. ನಂಬಿದ್ದರೆ ಆ ದಿನದ ಬಿರಿಯಾನಿ ರುಚಿಸುತ್ತಿತ್ತು.

ಮೂರನೇ ವರ್ಷ ಮೇಷ್ಟ್ರು ಒಂದು ಪಾಠದಲ್ಲಿ ಹೊಟ್ಟೆಕಿಚ್ಚಿಗೆ ಇರುವ ಶಬ್ದಗಳನ್ನು ಬಿಡಿಸಿ ಹೇಳಿದರು. ಅವಳ ಕೈಯಲ್ಲಿ ಇರುವುದು ಅವಳಿಂದ ಹೋಗಲಿ ಅನ್ನಿಸಿದರೆ ಅದು ಹಸದ್. ಅವಳಿಗೂ ಇರಲಿ, ನನಗೂ ಬರಲಿ ಅನ್ನಿಸಿದರೆ ಗಿಬ್ತಾ. ನನ್ನದು ಬೇರೆಯವರ ಪಾಲಾಗುತ್ತಿದೆಯಲ್ಲ ಎಂದು ಉರಿದರೆ ಗೈರಾ. ಎಲ್ಲರೂ ಒಂದೊಂದು ವಾಕ್ಯ ಮಾಡಿ ಅಂದರು. ನನ್ನ ಬೆಂಚಿನವಳು ಎದ್ದು ನಿಂತು, "ನನ್ನ ಗೆಳತಿ ವ್ಯಾಕರಣ ತಪ್ಪುವುದಿಲ್ಲ, ಅವಳ ಮೇಲೆ ನನಗೆ ಗಿಬ್ತಾ ಇದೆ," ಎಂದಳು. ಎಲ್ಲರೂ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಮೂರರಲ್ಲಿ ಒಳ್ಳೆಯ ಶಬ್ದವನ್ನೂ ಅವಳೇ ಎತ್ತಿಕೊಂಡಳಲ್ಲ ಎಂದು ನನಗೆ ಅದೂ ಉರಿಯಿತು.

ಆ ವರ್ಷದ ದೀಪಾವಳಿ ರಜೆಯಲ್ಲಿ ಅಪ್ಪ ಅನಿರೀಕ್ಷಿತವಾಗಿ ಬಂದ. ಯಜಮಾನನಿಗೆ ಮಂಗಳೂರಿನಲ್ಲಿ ಮೊಣಕಾಲಿನ ಆಪರೇಷನ್ ಇತ್ತು. ಮಗಳೂ ಜೊತೆಗೆ ಬಂದಿದ್ದಳು. ಊರು ಗೊತ್ತಿದ್ದವನು ಎಂದು ಅಪ್ಪನನ್ನು ಕರೆದುಕೊಂಡು ಬಂದಿದ್ದರು. ಎಲ್ಲ ಸುಸೂತ್ರವಾಗಿ ಮುಗಿಯಿತು. ವಾಪಸು ಹೋಗುವ ಮೊದಲು ಒಂದು ದಿನ ನಮ್ಮ ಮನೆ ನೋಡಬೇಕು ಎಂದು ಆ ಹುಡುಗಿ ಹಟ ಹಿಡಿದಳಂತೆ. ಅಪ್ಪ ಫೋನಿನಲ್ಲಿ ಹೇಳುವಾಗ ದನಿ ಅಂಜುತ್ತಿತ್ತು.

"ಮಂಗಳವಾರ ಮಧ್ಯಾಹ್ನ ಬತ್ರು. ಅಮ್ಮನ ಹತ್ರ ಪಾಂಪ್ಲೆಟ್ ಮೀನು ತರುಕೆ ಹೇಳು. ನೀ ಇರ್ತಿ ಅಲ?"

"ಇರ್ತೆ," ಅಂದೆ.

ಭಟ್ಕಳದವಳಿಗೆ ಫೋನು ಮಾಡಿ, ಅಡಿಗೆಗೆ ಸಹಾಯ ಬೇಕು ಬಾ ಎಂದು ಕರೆದೆ. ನಿಜ ಹೇಳಬೇಕೆಂದರೆ ಓಮಾನಿನ ಆಡುಮಾತು ನನಗೆ ತಿಳಿಯದೆ ಹೋದರೆ ಎಂಬ ಹೆದರಿಕೆ. ಅವಳಿಗೆ ದುಬೈಯಲ್ಲಿ ನೆಂಟರಿದ್ದರು. ಆ ಕಡೆಯ ಮಾತು ಕೇಳಿದ ಕಿವಿ. ಅವಳು ಬೆಳಿಗ್ಗೆಯೇ ಬಸ್ಸು ಹಿಡಿದು ಬಂದು ಅಮ್ಮನ ಜೊತೆ ಈಳಿಗೆ ಮಣೆ ಹಿಡಿದು ಕೂತಳು. ನಾನು ಹಿತ್ತಿಲಲ್ಲಿ ಅಡ್ಡಾಡುತ್ತಾ ಸ್ವಾಗತದ ಮಾತು ಬಾಯಿಪಾಠ ಮಾಡಿದೆ. ಒಂದು ಸ್ವರವೂ ತಪ್ಪದ ಹಾಗೆ.

ಕಾರು ಬಂತು. ಮುಂದಿನ ಬಾಗಿಲಿನಿಂದ ಅಪ್ಪ ಇಳಿದು, ಹಿಂದಿನಿಂದ ಯಜಮಾನನನ್ನು ಮೆಲ್ಲಗೆ ಇಳಿಸಿದ. ಬಿಳಿ ನಿಲುವಂಗಿಯ, ಕೋಲು ಹಿಡಿದ, ದಪ್ಪ ಮೀಸೆಯ ಮನುಷ್ಯ. ಆಚೆ ಬಾಗಿಲಿನಿಂದ ಅವಳು ಇಳಿದಳು. ಕಪ್ಪು ಅಬಾಯಾದ ಕೆಳಗೆ ಓಟದ ಬೂಟು. ಅಂಗಳದಲ್ಲಿ ನಿಂತು ಮನೆಯನ್ನೂ ತೆಂಗಿನ ಮರವನ್ನೂ ಒಮ್ಮೆ ನೋಡಿ, "ಆತು ಆತು, ಬಂದಾತು," ಎಂದಳು. ಅಪ್ಪನದೇ ದನಿ, ಅಪ್ಪನದೇ ಎಳೆತ. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನನ್ನ ಕಿವಿ ಬಿಸಿಯಾದವು.

ನಾನು ಮುಂದೆ ಹೋಗಿ ಸ್ವಾಗತದ ಮಾತು ಹೇಳಿದೆ. ಯಜಮಾನ ಕೋಲಿನ ಮೇಲೆ ಎರಡೂ ಕೈ ಇಟ್ಟು ಪೂರ್ತಿ ಕೇಳಿದ. ಅಪ್ಪನ ಕಡೆ ತಿರುಗಿ ಬೇಗ ಬೇಗ ಏನೋ ಹೇಳಿದ. ಎಲ್ಲರೂ ನಕ್ಕರು, ಭಟ್ಕಳದವಳೂ ನಕ್ಕಳು.

"ಎಂತ ಹೇಳಿದ್ದು?" ಎಂದು ಅವಳನ್ನು ಕೇಳಿದೆ.

"ಟಿವಿ ವಾರ್ತೆ ಓದಿದ ಹಾಗೆ ಚೊಕ್ಕ ಅದೆ ಅಂದ್ರು. ಹೊಗಳಿದ್ದು ಮಾರಾಯ್ತಿ."

ಊಟಕ್ಕೆ ಕೂತರು. ಊಟದ ನಡುವೆ ಅಪ್ಪ ಒಂದು ಕತೆ ಹೇಳಲು ಶುರು ಮಾಡಿದ. ಒಮ್ಮೆ ಬಲೆಗೆ ಸಿಕ್ಕಿದ್ದ ಆಮೆಯನ್ನು ಬಿಡಿಸಲು ಹೋಗಿ ಯಜಮಾನನೇ ಕಡಲಿಗೆ ಬಿದ್ದ ಕತೆ. ಅಪ್ಪ ಆಮೆಯಾದ, ಯಜಮಾನನಾದ, ದೋಣಿಯ ಅಂಚು ಹಿಡಿದು ಬೊಬ್ಬೆ ಹಾಕುವ ಅಡಿಗೆಯವನಾದ. ಯಜಮಾನ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದು ಹಾಗೇ ನಿಂತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಈ ಗಂಡನನ್ನು ನೋಡಿರಲಿಲ್ಲ.

"ಎಂತ ಹೇಳ್ತಾ ಇದ್ದಾ ನಿನ್ನಪ್ಪ?" ಎಂದು ಮೆಲ್ಲಗೆ ನನ್ನನ್ನು ಕೇಳಿದಳು. ನನಗೆ ಅರ್ಧ ತಿಳಿದಿತ್ತು. ಅರ್ಧವನ್ನೇ ಹೇಳಿದೆ.

ಕತೆಯ ನಡುವೆ ಅಪ್ಪನಿಗೆ ಒಂದು ಶಬ್ದ ಸಿಗಲಿಲ್ಲ. ಆಮೆಯ ಬೆನ್ನಿನ ಚಿಪ್ಪಿಗೆ ಏನನ್ನುತ್ತಾರೆ ಎಂದು ಕೈಯನ್ನು ಬೋಗುಣಿಯಂತೆ ಮಾಡಿ ತಡಕಾಡಿದ. ನನಗೆ ಆ ಶಬ್ದ ಗೊತ್ತಿತ್ತು. ಮೂರು ವರ್ಷ ಮನೆ ಬಿಟ್ಟು ಓದಿದ್ದು ಇದೊಂದು ಗಳಿಗೆಗೇ ಏನೋ ಎಂಬಂತೆ ನಾನು ಅದನ್ನು ಹೇಳಿದೆ. ಅದೇ ಹೊತ್ತಿಗೆ ಯಜಮಾನನ ಮಗಳೂ ಒಂದು ಶಬ್ದ ಹೇಳಿದಳು, ಬೇರೆ, ಅವರ ಕಡಲತೀರದ್ದು. ಅಪ್ಪ ಅವಳದನ್ನು ಎತ್ತಿಕೊಂಡು ಕತೆ ಮುಂದುವರಿಸಿದ. ನನ್ನ ಕಡೆ ನೋಡಲೂ ಇಲ್ಲ. ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು. ಆಗಲೂ ಗೊತ್ತಿತ್ತು.

ನಾನು ಎದ್ದು ಹಿತ್ತಿಲ ಬಾವಿಕಟ್ಟೆಗೆ ಹೋದೆ. ಕೈ ತೊಳೆದ ಮೇಲೂ ನೀರು ಸೇದುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಓಮಾನಿನ ಹುಡುಗಿ ಬಂದಳು. ನಿಧಾನವಾಗಿ, ನನಗೆ ತಿಳಿಯಲಿ ಎಂದು ಬಿಡಿಸಿ ಬಿಡಿಸಿ ಮಾತಾಡಿದಳು.

"ನಿನಗೆ ನನ್ನ ಮೇಲೆ ಸಿಟ್ಟಾ?"

ಇಲ್ಲ ಎನ್ನಬಹುದಿತ್ತು. ಮೊದಲ ಬಾರಿಗೆ ಪರೀಕ್ಷೆಗಲ್ಲದೆ, ಮೇಷ್ಟ್ರಿಗಲ್ಲದೆ, ನನ್ನ ಸ್ವಂತಕ್ಕೆ ಆ ಭಾಷೆ ಬೇಕಾಗಿತ್ತು. ಎಲ್ಲ ಶಬ್ದಗಳೂ ಒಟ್ಟಿಗೇ ಬಾಯಿಗೆ ನುಗ್ಗಿದವು. ಹೊರಗೆ ಬಂದದ್ದು ಹಸದ್. "ಚಿಕ್ಕಂದಿನಿಂದ ನಿನ್ನ ಮೇಲೆ ನನಗೆ ಹಸದ್ ಇದೆ," ಎಂದುಬಿಟ್ಟೆ.

ಅವಳ ಮುಖ ಬಿಳಿಚಿತು. ಒಂದು ಹೆಜ್ಜೆ ಹಿಂದೆ ಸರಿದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವರಲ್ಲಿ ಅದು ಬರಿಯ ಶಬ್ದವಲ್ಲ. ನಮ್ಮಲ್ಲಿ ದೃಷ್ಟಿ ತಾಗುವುದು ಅನ್ನುತ್ತೇವಲ್ಲ, ಅದರ ಬೇರು. ಆಪರೇಷನ್ ಆದ ಅಪ್ಪನನ್ನು ಕರೆದುಕೊಂಡು ಊರಿಗೆ ಹೊರಟವಳ ಎದುರು ನಿಂತು ಆ ಮಾತು ಆಡುವುದು ಎಂದರೆ ಏನು ಎಂದು ಮೂರು ವರ್ಷ ಸಂಸ್ಕೃತಿಯ ಪಾಠ ಓದಿದ ನನಗೆ ತಿಳಿದಿರಬೇಕಿತ್ತು.

"ಐಬ್."

ಹಿಂದೆ ಅಪ್ಪ ನಿಂತಿದ್ದ. ಕೈಯಲ್ಲಿ ಅವಳಿಗೆಂದು ತಂದ ಟವೆಲು. ಐಬ್ ಎಂದರೆ ನಾಚಿಕೆಗೇಡು, ದೊಡ್ಡವರು ಮನೆಯ ಮಕ್ಕಳನ್ನು ಗದರುವ ಮಾತು. ಅವನು ಅದನ್ನು ನನಗೇ ಹೇಳಿದ್ದ. ಬಾಯಿಂದ ಬಂದ ಮೇಲೆ ಅವನೂ ಬೆಚ್ಚಿದಂತೆ ಕಂಡ. ಶಬ್ದದ ಮೊದಲ ಅಯ್ನ್ ಸರಿಯಾಗಿತ್ತು, ಗಂಟಲಿನ ತಳದಿಂದ.

ಅಪ್ಪ ನನಗೆ ಆಡಿದ ಮೊದಲ ಅರಬ್ಬಿ ಮಾತು ಅದು. ಅವಮಾನದಿಂದ ಕುಗ್ಗಿಹೋಗಿದ್ದೆ, ಆದರೂ ಒಳಗೆಲ್ಲೋ ಒಂದು ಖುಷಿ ಅಲ್ಲಾಡಿತು. ಎರಡೂ ನಿಜ.

ಅಷ್ಟರಲ್ಲಿ ಭಟ್ಕಳದವಳು ಬಂದಳು. ನಮ್ಮ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ಅವಳಿಗೆ ತಿಳಿಯಿತು. "ಎಂತ ಹೇಳಿದೆ?" ಎಂದಳು. ಹೇಳಿದೆ. "ಅಯ್ಯೋ ಹುಚ್ಚೀ, ಗೈರಾ ಅನ್ನಬೇಕಿತ್ತು," ಎಂದು ನನ್ನ ಬೆನ್ನಿಗೊಂದು ಗುದ್ದಿ, ಆ ಹುಡುಗಿಗೆ ತನಗೆ ಬಂದ ಹಾಗೆ ವಿವರಿಸಿದಳು. ಹುಡುಗಿ, ದೃಷ್ಟಿ ತಾಗದಿರಲೆಂದು, "ಮಾಶಾ ಅಲ್ಲಾ ಹೇಳು," ಎಂದು ನನ್ನನ್ನು ಕೇಳಿಕೊಂಡಳು. ಹೇಳಿದೆ. ಅವಳ ಉಸಿರು ಸಡಿಲವಾಯಿತು.

"ಗೈರಾ ಯಾಕೆ?" ಎಂದಳು.

"ನಿನ್ನ ಹತ್ತಿರ ಅಪ್ಪ ಮಾತಾಡ್ತಾನೆ. ನನ್ನ ಹತ್ತಿರ ಮಾತಾಡೂದಿಲ್ಲ." ಅಷ್ಟನ್ನು ಅರಬ್ಬಿಯಲ್ಲಿ ಹೇಳುವಾಗ ವ್ಯಾಕರಣ ಎಲ್ಲಿ ಹೋಯಿತೋ ನೋಡಲಿಲ್ಲ. ಅವಳಿಗೆ ಪೂರ್ತಿ ತಿಳಿಯಿತು. ಅಪ್ಪನಿಗೂ ತಿಳಿಯಿತು. ಅವನು ಟವೆಲನ್ನು ಬಾವಿಕಟ್ಟೆಯ ಮೇಲಿಟ್ಟು ಒಳಗೆ ಹೋದ.

ಅವಳು ನನ್ನ ಕೈ ಹಿಡಿದು, "ಅವನು ನನಗೆ ಮಾತು ಕಲಿಸಿದವನು," ಎಂದಳು. ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಅರಬ್ಬರ ಮಗುವಿಗೆ ನನ್ನ ಅಪ್ಪ ಎಂಥ ಮಾತು ಕಲಿಸುವುದು?

ನಾಲ್ಕು ಗಂಟೆಗೆ ಕಾರು ಹೊರಟಿತು. ಭಟ್ಕಳದ ತಿರುವಿನಲ್ಲಿ ಇಳಿಸುತ್ತೇವೆ ಎಂದು ಗೆಳತಿಯನ್ನೂ ಕರೆದುಕೊಂಡು ಹೋದರು. ಅಪ್ಪನಿಗೆ ಎರಡು ದಿನ ಮನೆಯವರ ಜೊತೆ ಇದ್ದು ಬಾ ಎಂದಿದ್ದರು. ಅವನು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, "ದಂಡೆ ಕಡೆ ಹೋಗ್ವನಾ?" ಎಂದು ನನ್ನನ್ನು ಕೇಳಿದ. ಹಾಗೆ ಕರೆದದ್ದು ಅದೇ ಮೊದಲು.

ಮರಳಿನ ಮೇಲೆ ಎಳೆದು ಹಾಕಿದ ದೋಣಿಯೊಂದರ ನೆರಳಲ್ಲಿ ಕೂತೆವು. ಅವನು ಕಡಲನ್ನು ನೋಡುತ್ತಾ ಹೇಳಿದ.

"ನಾ ಅಲ್ಲಿಗೆ ಹೋದಾಗ ಅದಕ್ಕೆ ನಾಕು ವರ್ಷ. ಮಾತೇ ಬತ್ತಿರ್ಲಿಲ್ಲ. ಡಾಕ್ಟರ್ ಹತ್ರ ಎಲ್ಲ ತೋರ್ಸಿದ್ರು. ಕಿವಿ ಸರಿ ಅದೆ, ಬಾಯಿ ಸರಿ ಅದೆ, ಮಾತಿಲ್ಲ. ನಂಗೂ ಅಲ್ಲಿ ಮಾತು ಬತ್ತಿರ್ಲಿಲ್ಲ ಅಲ. ದೋಣಿ ಕಟ್ಟೂ ದಕ್ಕೆ ಮೇಲೆ ಕೂತ್ಕಂಡು ಬಲೆ ಹೊಲೀತಿದ್ದೆ. ಅದು ಬಂದು ಬದಿಗೆ ಕೂತ್ಕಣ್ತಿತ್ತು. ಮೂಕರಿಗೆ ಮೂಕರು. ನಾ ಒಂದೊಂದು ತೋರ್ಸಿ ಅಡಿಗೆಯವನ ಹತ್ರ ಹೆಸ್ರು ಕೇಳ್ತಿದ್ದೆ. ಹಗ್ಗ. ಮೀನು. ಬಕೇಟು. ನಾ ತಪ್ಪು ಹೇಳಿದ್ರೆ ಅದು ನಗೂದು. ಒಂದಿನ ನಾ ಮೀನಿಗೆ ತಪ್ಪು ಹೇಳ್ದೆ. ಅದು ಸರಿ ಮಾಡ್ತು. ಬಾಯಿ ಬಿಟ್ಟು ಹೇಳ್ತು. ಅದೇ ಅದರ ಮೊದ್ಲ ಮಾತು." ಅಪ್ಪ ಕೈಗೆ ಹತ್ತಿದ ಮರಳು ಕೊಡವಿದ. "ಇಬ್ಬರೂ ಒಟ್ಟಿಗೆ ಕಲ್ತದ್ದು."

ಆಗ ನನಗೆ ಎರಡು ವರ್ಷ. ಬಾಡದಲ್ಲಿ, ಅಮ್ಮನ ಬುಟ್ಟಿಯ ಪಕ್ಕ ಕೂತು, ನಾನೂ ಒಂದೊಂದೇ ಶಬ್ದ ಕಲಿಯುತ್ತಿದ್ದೆ.

"ನನ್ನ ಹತ್ರ ಎಂತಕೆ ಮಾತಾಡೂದಿಲ್ಲ ಅಪ್ಪಾ?"

"ನಾ ಮೊದಲ ರಜೆಗೆ ಬರೂ ಹೊತ್ತಿಗೆ ನೀ ಚುರುಕಾಗಿ ಪೂರಾ ಮಾತಾಡ್ತಿದ್ದೆ. ನಾ ಬರೀ ಕೇಳೂದೇ. ಎಂತ ಹೇಳೂದು ಅಂತ ಗೊತ್ತಾಗ್ಲಿಲ್ಲ. ಆಮೇಲೂ ಗೊತ್ತಾಗ್ಲಿಲ್ಲ." ನನ್ನ ಕಡೆ ತಿರುಗಿ, "ಇವತ್ತು ಬಯ್ದೆ ಅಲ, ಬೇಜಾರಾತಾ?" ಎಂದ.

"ಇಲ್ಲ," ಅಂದೆ. "ಅಯ್ನ್ ಚಲೋ ಬಂತು."

ಅವನು ನಕ್ಕ. ಊಟದ ಹೊತ್ತಿನ ದೊಡ್ಡ ನಗುವಲ್ಲ, ಸಣ್ಣದು.

ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಾರಣ ತಿಳಿದ ಮೇಲೆ ಅದು ಇನ್ನಷ್ಟು ನೆಲೆ ಊರಿತು. ಫೋನಿನಲ್ಲಿ ನಗುವ ಯಾವುದೋ ಶ್ರೀಮಂತರ ಹುಡುಗಿಯನ್ನು ದ್ವೇಷಿಸುವುದು ಸುಲಭ. ಅಪ್ಪನ ಪಕ್ಕ ಕೂತು ಮೊದಲ ಮಾತು ಆಡಿದ ಮಗುವಿನ ಮೇಲೆ ಉರಿಯುವುದಕ್ಕೆ ಬೇರೆಯೇ ಶಕ್ತಿ ಬೇಕು. ನನ್ನ ಮೊದಲ ಮಾತು ಏನೆಂದು ಅಮ್ಮನನ್ನು ಕೇಳಿದೆ. ಅವಳಿಗೆ ನೆನಪಿರಲಿಲ್ಲ. ಪೇಟೆಯ ಗಲಾಟೆಯಲ್ಲಿ ಯಾವಾಗಲೋ ಶುರು ಮಾಡಿಕೊಂಡೆನಂತೆ.

ಪದವಿ ಮುಗಿದ ಮೇಲೆ ನಾನೂ ಭಟ್ಕಳದವಳೂ ಕೈರೋದಲ್ಲಿ ಓದಲು ಒಂದೇ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದೆವು. ಅವಳಿಗೆ ಸಿಕ್ಕಿತು. ಈಗ ಅಲ್ಲಿ ಸಂಶೋಧನೆ ಮಾಡುತ್ತಾಳೆ, ನೈಲ್ ನದಿಯ ಫೋಟೊ ಕಳಿಸುತ್ತಾಳೆ. ಚೆನ್ನಾಗಿದೆ ಎಂದು ಉತ್ತರ ಬರೆದು ಫೋನು ಮಗುಚಿ ಇಡುತ್ತೇನೆ. ಊರಿಗೆ ಬಂದಾಗ ಮೊದಲು ನಮ್ಮ ಅಮ್ಮನನ್ನು ನೋಡಲು ಬರುತ್ತಾಳೆ. ಇಬ್ಬರೂ ಕೊಂಕಣಿಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಈಗ ನನಗೆ ಅದು ಸ್ವಲ್ಪ ಸ್ವಲ್ಪ ತಿಳಿಯುತ್ತದೆ.

ನಾನು ಎಂ.ಎ. ಮುಗಿಸಿ ಕುಮಟೆಗೆ ಬಂದೆ. ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಕೊಲ್ಲಿ ದೇಶಗಳಿಗೆ ದೋಣಿ ಕೆಲಸಕ್ಕೆ, ನರ್ಸ್ ಕೆಲಸಕ್ಕೆ, ಡ್ರೈವರ್ ಕೆಲಸಕ್ಕೆ ಹೋಗುವವರಿಗೆ ಅರಬ್ಬಿ ಮಾತು ಕಲಿಸುತ್ತೇನೆ. ಹೊನ್ನಾವರದಿಂದಲೂ ಬರುತ್ತಾರೆ. ಅಪ್ಪ ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಬಂದ. ಓಮಾನಿನ ಹುಡುಗಿಗೆ ಮದುವೆಯಾಗಿದೆ. ಶುಕ್ರವಾರದ ಫೋನು ನಿಂತಿಲ್ಲ.

ಒಮ್ಮೆ, ಮನೆಯಲ್ಲಿ ಕೂತು ಬೇಸರ ಬಂದು, ಅಪ್ಪ ನನ್ನ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ನಾನು ಸಂಬಳದ ಬಗ್ಗೆ ಯಜಮಾನನ ಹತ್ತಿರ ಹೇಗೆ ಮಾತಾಡಬೇಕು ಎಂದು ಕಲಿಸುತ್ತಿದ್ದೆ. ಒಬ್ಬಳು ನರ್ಸ್ ಹುಡುಗಿ, "ಮೇಡಂ, ಅವರು ಸಿಟ್ಟು ಮಾಡಿದ್ರೆ ಎಂತ ಹೇಳೂದು?" ಎಂದು ಕೇಳಿದಳು. ನಾನು ಪುಸ್ತಕ ತಿರುವುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದ. ಮುಂದೆ ಬಂದು, ಪಂಚೆ ಸರಿಮಾಡಿಕೊಂಡು, ಹೊಟ್ಟೆ ಉಬ್ಬಿಸಿ, ಯಜಮಾನನಾಗಿ ಅವಳನ್ನು ಅರಬ್ಬಿಯಲ್ಲಿ ಗದರಿದ. ಇಡೀ ಕೋಣೆ ನಕ್ಕಿತು. ಅವಳು ತಡವರಿಸಿ ಉತ್ತರ ಕೊಟ್ಟಳು. ಅವನು ತಿದ್ದಿದ. ಅವಳು ಮತ್ತೆ ಹೇಳಿದಳು. "ತಮಾಮ್, ಚಲೋ ಆತು," ಎಂದು ಬೆನ್ನು ತಟ್ಟಿದ.

ಈಗ ಅವನು ವಾರಕ್ಕೆ ಎರಡು ಸಲ ತಪ್ಪದೆ 'ಯಜಮಾನ'ನಾಗಿ ಬರುತ್ತಾನೆ. ಹುಡುಗರು ಬಾಗಿಲಲ್ಲೇ, "ಮೇಡಂ, ಇವತ್ತು ಅಪ್ಪ ಬತ್ರಾ?" ಎಂದು ಕೇಳುತ್ತಾರೆ. ನಾನು ಗೋಡೆಗೆ ಒರಗಿ ನಿಂತು, ಯಾರ ಯಾರದೋ ಮಕ್ಕಳಿಗೆ ಅವನು ಒಂದೊಂದೇ ಶಬ್ದ ತೋರಿಸಿ ಕಲಿಸುವುದನ್ನು ನೋಡುತ್ತೇನೆ. ಕಿಚ್ಚು ಬರುತ್ತದೆ. ಆಮೇಲೆ ಕೈ ಎತ್ತಿ, ಅವರ ನಡುವೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ.